ಕಾರ್ಟ್ ಖಾಲಿಯಾಗ್ತಿದ್ದುದಕ್ಕೆ ಕ್ಷಮೆ, ಕುಕೀ ಬಗ್ಗೆ ಒಂದಿಷ್ಟು ಮಾತು

ಗ್ರಾಹಕರಿಗೆಲ್ಲ ಗಂಗಾವತಿಯ ನಮ್ಮ ಅಕ್ಕಿ ಅಂಗಡಿಯಿಂದ ನಮಸ್ಕಾರ.

ಸೋಮವಾರದಿಂದ ನಮ್ಮ ವೆಬ್‌ಸೈಟಿನಲ್ಲಿ ಕೆಲವರಿಗೆ "ನಿಮ್ಮ ಬ್ರೌಸರಿನಲ್ಲಿ ಕುಕೀ ಆಫ್ ಇದೆ" ಅಂತ ಹಳದಿ ಪಟ್ಟಿ ಬರುತ್ತಿದೆ. ಗಾಬರಿ ಬೇಡ, ಅದನ್ನು ಹಾಕಿದ್ದು ನಾವೇ. ಕುಕೀ ಅಂದರೆ ನಿಮ್ಮ ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ಚೀಟಿ, ಅದಿಲ್ಲದಿದ್ದರೆ ಕಾರ್ಟಿಗೆ ಹಾಕಿದ್ದು ಉಳಿಯುವುದಿಲ್ಲ.

ಯಾಕೆ ಅಂತ ನಿಮಗೆ ಗೊತ್ತೇ ಇದೆ. ಎರಡು ಚೀಲ ಸೋನಾ ಮಸೂರಿ ಕಾರ್ಟಿಗೆ ಹಾಕಿ ದುಡ್ಡು ಕಟ್ಟಲು ಹೋದರೆ "ಕಾರ್ಟ್ ಖಾಲಿ ಇದೆ" ಅನ್ನುತ್ತಿತ್ತು. ಮತ್ತೆ ಹಾಕಿದರೆ ಮತ್ತೆ ಖಾಲಿ. ನೀವು ಬೈದಿರಿ, ನಾವು ಬೈಸಿಕೊಂಡೆವು. ಕುಕೀ ಆಫ್ ಇದ್ದವರಿಗೆ ಮೊದಲೇ ಹೇಳದೆ ಕೊನೆವರೆಗೂ ಕರೆದುಕೊಂಡು ಹೋಗಿ ಕೈಬಿಡುತ್ತಿದ್ದದ್ದು ನಮ್ಮದೇ ತಪ್ಪು. ಕ್ಷಮಿಸಿ. ಆದರೆ "ಸರ್ವರ್‌ಗೆ ದುಡ್ಡು ಹಾಕೋಕೆ ಜಿಪುಣತನ" ಅಂದವರಿಗೆ ಒಂದು ಮಾತು: ಸರ್ವರ್ರೇ (ವೆಬ್‌ಸೈಟ್ ನಡೆಸುವ ಕಂಪ್ಯೂಟರ್) ಕೆಟ್ಟಿದೆ ಅಂದುಕೊಂಡು ಎರಡು ತಿಂಗಳು ದೊಡ್ಡ ಸರ್ವರಿಗೆ ಬಾಡಿಗೆ ಕಟ್ಟಿದ್ದೇವೆ. ಒಂದು ಪೈಸೆಯ ಪ್ರಯೋಜನ ಆಗಲಿಲ್ಲ.

ಇನ್ನು ದಿನಾ ಫೋನಿನಲ್ಲಿ ಕೇಳುವ ದೂರು. "ಕುಕೀ ಇಟ್ಟು ನಮ್ಮನ್ನ ಗುರುತು ಹಿಡಿದು ರೇಟು ಏರಿಸ್ತೀರಿ." ಇಲ್ಲ ಸ್ವಾಮಿ. ಕುಕೀ ಅನ್ನುವ ಆ ಚೀಟಿ, ಗುಡಿ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ. ನಮ್ಮ ಚೀಟಿಯಲ್ಲಿರುವುದು ಕಾರ್ಟಿನ ನಂಬರ್ ಮಾತ್ರ, ಹೆಸರಿಲ್ಲ, ಊರಿಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಬಂದವರು ನೀವೇ ಅಂತ ವೆಬ್‌ಸೈಟಿಗೆ ತಾನಾಗೇ ನೆನಪಿರುವುದಿಲ್ಲ, ಚೀಟಿ ತೋರಿಸಿದರೆ ಮಾತ್ರ ನಿಮ್ಮ ಚೀಲ ಸಿಗುತ್ತದೆ. ರೇಟು ಎಲ್ಲರಿಗೂ ಒಂದೇ. ಭತ್ತದ ದರ ಏರಿದರೆ ಏರುತ್ತದೆ, ಇಳಿದರೆ ಇಳಿಸಿದ್ದೂ ಇದೆ (ಆಗ ಯಾರೂ ಫೋನ್ ಮಾಡಲಿಲ್ಲ). 10 ಕೆಜಿ ಚೀಲಕ್ಕೆ ಕೆಜಿ ಲೆಕ್ಕದಲ್ಲಿ ಜಾಸ್ತಿ ಬೀಳುವುದು ಕುಕೀಯಿಂದಲ್ಲ, 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕಿಗೆ ಬಿದ್ದ 5% ಜಿಎಸ್‌ಟಿಯಿಂದ. 26 ಕೆಜಿ ಚೀಲ ಮಾಡಿದ್ದೂ ಅದಕ್ಕೇ ಅಲ್ವಾ?

ಕುಕೀ ಆನ್ ಇದೆಯಾ ಅಂತ ನಾವು ಮಾಡುವ ತಪಾಸಣೆ ಏನೂ ದೊಡ್ಡದಲ್ಲ. ಮೊದಲ ಪುಟದಲ್ಲಿ ಒಂದು ಪರೀಕ್ಷೆಯ ಚೀಟಿ ಕೊಡುತ್ತೇವೆ, ಮುಂದಿನ ಪುಟದಲ್ಲಿ ಅದು ವಾಪಸ್ ಬಂತಾ ಅಂತ ನೋಡಿ ಆಗಲೇ ಅಳಿಸುತ್ತೇವೆ. ಪುಟ ಒಮ್ಮೆ ಮಿಟುಕಿದಂತೆ ಆಗುವುದು ಅದಕ್ಕೇ. ಆನ್ ಇದೆಯಾ ಅಂತ ಬ್ರೌಸರನ್ನೇ ಕೇಳುವ ದಾರಿಯೂ ಇದೆ, ಆದರೆ ಅದು ಹೂಂ ಅಂದ ಮೇಲೂ ಚೀಟಿ ಉಳಿಯದೇ ಹೋಗಬಹುದು. ಕೊಟ್ಟು ನೋಡುವುದೇ ವಾಸಿ.

ಇದು ಹಿಡಿಯದ ಒಂದು ಸಂಗತಿ ಇದೆ. ಫೇಸ್‌ಬುಕ್ ಒಳಗೇ ನಮ್ಮ ಲಿಂಕ್ ತೆರೆದು ಚೀಲ ಹಾಕಿ, ಆಮೇಲೆ ಕ್ರೋಮಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಎರಡರ ಚೀಟಿಗಳೂ ಬೇರೆ ಬೇರೆ. ಎಲ್ಲಿ ಶುರು ಮಾಡಿದಿರೋ ಅಲ್ಲೇ ಮುಗಿಸಿ.

ಕುಕೀ ಆನ್ ಮಾಡಲು ಮನಸ್ಸಿಲ್ಲವಾ? ಬಿಡಿ, ಒತ್ತಾಯವಿಲ್ಲ. ಅಂಗಡಿಯ ಹಳೇ ನಂಬರಿಗೆ ಫೋನ್ ಮಾಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಬೆಳಿಗ್ಗೆ ಲೋಡ್ ಮಾಡೋ ಹೊತ್ತಲ್ಲಿ ಮಾತ್ರ ಬೇಡ, ಆ ಗಲಾಟೆಯಲ್ಲಿ ಏನೂ ಕೇಳಿಸುವುದಿಲ್ಲ.