ರೊಬೊಟಿಕ್ಸ್ ಪಾಠ: ಮೊದಲು ಸಿಮ್ಯುಲೇಟರ್, ಆಮೇಲೆ ಕಿಟ್

ಮಾನ್ಯ ಸಂಪಾದಕರೇ,

ಶಾಲೆಯಲ್ಲಿ ರೊಬೊಟಿಕ್ಸ್ ಎಂದ ಕೂಡಲೇ ಕಿಟ್ ಖರೀದಿಯ ಮಾತು ಶುರುವಾಗುತ್ತದೆ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ (ಶಾಲಾ ಪ್ರಯೋಗಾಲಯ) ಯೋಜನೆಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವುಂಟು. ಉಳಿದ ಶಾಲೆಗಳು ಕಿಟ್ ಇಲ್ಲವೆಂದು ಈ ಪಾಠವನ್ನೇ ಕೈಬಿಡುವುದು ಸರಿಯಲ್ಲ. ರೊಬೊ ಪ್ರೋಗ್ರಾಮಿಂಗ್ ಕಲಿಸಲು ಮೊದಲ ಹಂತದಲ್ಲಿ ಕಿಟ್ ಬೇಕಾಗಿಯೇ ಇಲ್ಲ, ಕಂಪ್ಯೂಟರ್ ಪರದೆಯ ಮೇಲೆ ರೊಬೊ ಓಡಿಸಿ ನೋಡುವ ಸಿಮ್ಯುಲೇಟರ್ ತಂತ್ರಾಂಶ ಸಾಕು. ನಿಜ ಹೇಳಬೇಕೆಂದರೆ ಆ ಹಂತದಲ್ಲಿ ಕಿಟ್ ಅಡ್ಡಿಯೇ.

ಪೀರಿಯಡ್‌ನ ನಲವತ್ತು ನಿಮಿಷ ಎಲ್ಲಿ ಹೋಗುತ್ತದೆ ನೋಡಿ. ಕಿಟ್‌ನಲ್ಲಿ ಬರುವ ಹಳದಿ ಬಣ್ಣದ ಬಿ.ಒ. (ಬ್ಯಾಟರಿಯಿಂದ ನಡೆಯುವ) ಮೋಟರ್‌ಗಳ ಜೋಡಿ ಒಂದೇ ವೇಗದಲ್ಲಿ ತಿರುಗುವುದು ಅಪರೂಪ. ಮೋಟರ್‌ಗೆ ವಿದ್ಯುತ್ ಹರಿಸುವ ಎಲ್298ಎನ್ ಡ್ರೈವರ್ ಬೋರ್ಡ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. 9 ವೋಲ್ಟಿನ ಪುಟ್ಟ ಬ್ಯಾಟರಿ ಮೋಟರ್ ಎಳೆಯುವಷ್ಟು ಕರೆಂಟ್ ಕೊಡಲಾರದೆ ವೋಲ್ಟೇಜ್ ಕುಸಿಯುತ್ತದೆ, ಪ್ರೋಗ್ರಾಂ ನಡೆಸುವ ಆರ್ಡುಯಿನೊ ಬೋರ್ಡ್ ರೀಸೆಟ್ ಆಗುತ್ತದೆ. ಆ ಬೋರ್ಡಿನ 0 ಮತ್ತು 1ನೇ ಪಿನ್‌ಗೆ ಬ್ಲೂಟೂತ್ ಮಾಡ್ಯೂಲ್ ಸಿಕ್ಕಿಸಿಟ್ಟಿದ್ದರೆ ಪ್ರೋಗ್ರಾಂ ಅಪ್‌ಲೋಡ್ ಆಗುವುದಿಲ್ಲ. ತಪ್ಪು ಕೋಡಿನದೋ ವೈರಿನದೋ ತಿಳಿಯದೆ ಮಕ್ಕಳು ಸರಿಯಿದ್ದ ಕೋಡನ್ನೇ ಕೆಡಿಸುತ್ತಾರೆ.

ಇದಕ್ಕೆ ಸುಲಭದ ದಾರಿ ವೆಬಾಟ್ಸ್ ಎಂಬ ಸಿಮ್ಯುಲೇಟರ್. 2018ರ ಡಿಸೆಂಬರ್‌ನಿಂದ ಇದು ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ವಿಂಡೋಸ್, ಉಬುಂಟು ಎರಡರಲ್ಲೂ ನಡೆಯುತ್ತದೆ. ಹಳೆಯ ಕಂಪ್ಯೂಟರ್ ತೆವಳಿದರೆ ಸೆಟ್ಟಿಂಗ್ಸ್‌ನಲ್ಲಿ ನೆರಳು ಮತ್ತು ಆಂಟಿ-ಏಲಿಯಾಸಿಂಗ್ ಆಫ್ ಮಾಡಿ. ಅದೂ ಸಾಲದಿದ್ದರೆ ಬ್ರೌಸರ್‌ನಲ್ಲೇ ನಡೆಯುವ ಓಪನ್ ರೊಬೆರ್ಟಾ ಲ್ಯಾಬ್ ಇದೆ. ಟಿಂಕರ್‌ಕ್ಯಾಡ್ ವೈರಿಂಗ್ ಅಭ್ಯಾಸಕ್ಕೆ ಒಳ್ಳೆಯದು, ಆದರೆ ಅದರಲ್ಲಿ ಗಾಡಿ ನೆಲದ ಮೇಲೆ ಓಡುವುದಿಲ್ಲ.

ವೆಬಾಟ್ಸ್‌ನಲ್ಲೇ ಸಿಗುವ ಇ-ಪಕ್ ಎಂಬ ಪುಟ್ಟ ರೊಬೊ ಮೊದಲ ಪಾಠಕ್ಕೆ ಸಾಕು. ಚಕ್ರದ ತ್ರಿಜ್ಯ 20.5 ಮಿ.ಮೀ., ಎರಡು ಚಕ್ರಗಳ ನಡುವಿನ ಅಂತರ 52 ಮಿ.ಮೀ. ನಿಂತಲ್ಲೇ 90 ಡಿಗ್ರಿ ತಿರುಗಬೇಕಾದರೆ ಚಕ್ರಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಲಾ ಸುಮಾರು 40.8 ಮಿ.ಮೀ. ಸಾಗಬೇಕು, ಅಂದರೆ 1.99 ರೇಡಿಯನ್ (ಕೋನದ ಅಳತೆ; 180 ಡಿಗ್ರಿ ಎಂದರೆ ಸುಮಾರು 3.14 ರೇಡಿಯನ್) ಉರುಳಬೇಕು. ಸೆಕೆಂಡಿಗೆ 2 ರೇಡಿಯನ್ ವೇಗ ಕೊಟ್ಟು, ಸಿಮ್ಯುಲೇಟರ್ ಕಾಲವನ್ನು ಮುಂದೂಡುವ 32 ಮಿಲಿಸೆಕೆಂಡಿನ ಹೆಜ್ಜೆಗಳಲ್ಲಿ ಎಣಿಸಿದರೆ 31 ಹೆಜ್ಜೆ. ಲೆಕ್ಕ ಹಾಕಿ ನೋಡಿದರೆ ತಿರುವು 89.6 ಡಿಗ್ರಿ ಮಾತ್ರ. ಹೀಗೆ ನಾಲ್ಕು ಸಲ ತಿರುಗಿ ಚೌಕ ಮುಗಿಯುವ ಹೊತ್ತಿಗೆ ಒಂದೂವರೆ ಡಿಗ್ರಿ ಕೊರತೆ. ಹತ್ತನೇ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ.

ಇಲ್ಲಿ ಎರಡು ತಪ್ಪುಗಳು ಬಹುತೇಕ ಎಲ್ಲರಿಂದಲೂ ಆಗುತ್ತವೆ. ಮೋಟರಿಗೆ ವೇಗವನ್ನಷ್ಟೇ ಕೊಟ್ಟು, ಗುರಿಸ್ಥಾನವನ್ನು ಇನ್ಫಿನಿಟಿ ಎಂದು ಮೊದಲೇ ಹೇಳದಿದ್ದರೆ ಗಾಡಿ ಕದಲುವುದಿಲ್ಲ. ಇನ್ನೊಂದು, ಕಾಯಿಸಲು ಪೈಥಾನ್ ಭಾಷೆಯ ಟೈಮ್.ಸ್ಲೀಪ್ ಆದೇಶ ಬಳಸುವುದು. ಅದು ಗೋಡೆ ಗಡಿಯಾರದ ಸಮಯ. ಪ್ರೋಗ್ರಾಂ ಎದ್ದೇಳುವವರೆಗೆ ಸಿಮ್ಯುಲೇಟರ್ ಕೂಡ ನಿಂತು ಕಾಯುವುದರಿಂದ ಪರದೆಯ ಮೇಲಿನ ಜಗತ್ತಿನಲ್ಲಿ ಒಂದು ಕ್ಷಣವೂ ಕಳೆದಿರುವುದಿಲ್ಲ. ಅಲ್ಲಿ ಕಾಲ ಮುಂದೆ ಹೋಗುವುದು ಸ್ಟೆಪ್ ಆದೇಶದಿಂದ ಮಾತ್ರ, ಆದ್ದರಿಂದ ಲೂಪ್‌ನಲ್ಲಿ ಹೆಜ್ಜೆ ಎಣಿಸಿಯೇ ಕಾಯಬೇಕು.

ಸಿಮ್ಯುಲೇಟರ್ ಬೇಡವೆನ್ನುವವರ ಮುಖ್ಯ ಆಕ್ಷೇಪ, ಅಲ್ಲಿ ಎಲ್ಲವೂ ಅಚ್ಚುಕಟ್ಟು, ನಿಜದ ನೆಲ ಹಾಗಿರುವುದಿಲ್ಲ ಎಂಬುದು. ಮಾತು ನ್ಯಾಯವೇ. ಆದರೆ ಅಚ್ಚುಕಟ್ಟನ್ನು ಕೆಡಿಸುವುದು ಶಿಕ್ಷಕರ ಕೈಯಲ್ಲೇ ಇದೆ. ನಾವೇ ಹೊಸದಾಗಿ ಸೇರಿಸುವ ದೂರಮಾಪಕ ಸೆನ್ಸರ್‌ನ ಪಟ್ಟಿಯಲ್ಲಿ ಮೂರು ಅಂಕಣಗಳಿರುತ್ತವೆ: ದೂರ, ಓದು (ಸೆನ್ಸರ್ ಕೊಡುವ ಸಂಖ್ಯೆ), ಗದ್ದಲ (ಆ ಸಂಖ್ಯೆಯ ಏರಿಳಿತ). ಮೂರನೆಯದು ಸೊನ್ನೆಯಾಗಿಯೇ ಬರುತ್ತದೆ, ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಗೋಡೆ ಹತ್ತಿರವಾದಷ್ಟೂ ಓದು ಏರುವಂತೆ ಪಟ್ಟಿ ತುಂಬಿ, ಮೂರನೆಯ ಅಂಕಣದಲ್ಲಿ 0.05 ಎಂದು ಬರೆದರೆ ಓದು ಶೇ 5ರಷ್ಟು ತೂಗಾಡುತ್ತದೆ. ಆಗ ‘80 ದಾಟಿದರೆ ತಿರುಗು’ ಎಂಬ ಒಂದೇ ಗೆರೆಯ ನಿಯಮದಿಂದ ರೊಬೊ ಗೋಡೆಯ ಮುಂದೆ ಅತ್ತಿತ್ತ ನಡುಗತೊಡಗುತ್ತದೆ. 80 ದಾಟಿದರೆ ತಿರುಗಲು ಶುರು, 60ಕ್ಕಿಂತ ಇಳಿದ ಮೇಲೆಯೇ ನೇರ ಎಂದು ಎರಡು ಮಿತಿ ಇಟ್ಟರೆ, ಇಲ್ಲವೇ ಐದು ಓದುಗಳ ಸರಾಸರಿ ತೆಗೆದರೆ ನಡುಕ ತಗ್ಗುತ್ತದೆ.

ಹಾಗೆಯೇ ಎಡ ಚಕ್ರದ ವೇಗವನ್ನು ಗುಟ್ಟಾಗಿ 0.95ರಿಂದ ಗುಣಿಸಿ ಕೊಡಿ. ಇ-ಪಕ್ ಸುಮಾರು ಒಂದು ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗಿ, ಒಂದು ಮೀಟರ್ ಓಡುವಷ್ಟರಲ್ಲಿ 45 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಚಕ್ರ ಎಷ್ಟು ತಿರುಗಿದೆ ಎಂದು ಅಳೆಯುವ ಎನ್‌ಕೋಡರ್ ಓದಿ ಅದನ್ನು ಸರಿಪಡಿಸಲು ಕಲಿತ ವಿದ್ಯಾರ್ಥಿಗೆ ನಾಳೆ ಬಿ.ಒ. ಮೋಟರ್ ವಾಲಿದರೂ ಕಾರಣ ಗೊತ್ತಿರುತ್ತದೆ.

ಕಿಟ್ ಬೇಡವೇ ಬೇಡ ಎಂದಲ್ಲ. ಬೆಸುಗೆ ಬಿಟ್ಟ ವೈರ್, ಕಿಟಕಿಯ ಬಿಸಿಲಿಗೆ ಕಂಗೆಡುವ ಐಆರ್ (ಇನ್‌ಫ್ರಾರೆಡ್) ಸೆನ್ಸರ್, ನುಣುಪು ಟೈಲ್ಸ್ ಮೇಲೆ ಜಾರುವ ಚಕ್ರ ಇವು ಕೈಯಾರೆ ಕಲಿಯಬೇಕಾದವು. ಆದರೆ ಅದಕ್ಕೆ ಪ್ರತಿ ಮಗುವಿಗೂ ಕಿಟ್ ಬೇಡ. ತರಗತಿಗೆ ಎರಡು ಗಾಡಿ ಇಟ್ಟು, ಗದ್ದಲ ಸೇರಿಸಿದ ಸಿಮ್ಯುಲೇಟರ್‌ನಲ್ಲಿ ಕೋಡ್ ಓಡಿಸಿ ತೋರಿಸಿದ ತಂಡಕ್ಕೆ ಸರದಿಯಂತೆ ಕೊಟ್ಟರೆ ಸಾಕು.

ಶಿಕ್ಷಣ ಇಲಾಖೆ ಮೊದಲು ಮಾಡಬಹುದಾದದ್ದು ಕನ್ನಡದಲ್ಲಿ ಅಭ್ಯಾಸ ಹಾಳೆಗಳನ್ನು ಸಿದ್ಧಪಡಿಸುವುದು. ಇಂಟರ್‌ನೆಟ್ ದುರ್ಬಲವಿರುವ ಊರುಗಳ ಬಗ್ಗೆಯೂ ಯೋಚನೆ ಇರಲಿ. ವೆಬಾಟ್ಸ್‌ನ ಈಚಿನ ಆವೃತ್ತಿಗಳು ರೊಬೊ ಮಾದರಿಗಳನ್ನು ಮೊದಲ ಸಲ ತೆರೆದಾಗ ನೆಟ್‌ನಿಂದ ಇಳಿಸಿಕೊಳ್ಳುತ್ತವೆ. ಶಿಕ್ಷಕರು ಪಾಠಕ್ಕೆ ಮುಂಚೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಪ್ರತಿ ಕಂಪ್ಯೂಟರ್‌ನಲ್ಲೂ ಪಾಠದ ರೊಬೊ ಇರುವ ಫೈಲನ್ನು ಒಮ್ಮೆ ತೆರೆದು ಮುಚ್ಚಿಡಲಿ. ಇಲ್ಲವಾದರೆ ತರಗತಿಯ ಹೊತ್ತಿಗೆ ಪರದೆಯ ಮೇಲೆ ರೊಬೊ ಕಾಣಿಸಿಕೊಳ್ಳುವುದೇ ಇಲ್ಲ.

– ರೊಬೊಟಿಕ್ಸ್ ಬೋಧಕರು, ಹುಬ್ಬಳ್ಳಿ