ಮದ್ದಿನ ಕೋವಿಗೆ ಸ್ಕೋಪ್ ಕೊಳ್ಳುವ ಮೊದಲು

ಚಿ| ಸುಹಾಸನಿಗೆ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಓಹಿಯೋದಲ್ಲಿ ಜನವರಿ ಆರಂಭದ ನಾಲ್ಕು ದಿನದ ಮಜಲ್‌ಲೋಡರ್ (ಬಾಯಿಂದ ಮದ್ದು ತುಂಬುವ ಕೋವಿ) ಬೇಟೆಯ ಸೀಸನ್‌ಗೆಂದು .50 ಕ್ಯಾಲಿಬರಿನ, ಅಂದರೆ ಅರ್ಧ ಇಂಚು ಬಾಯಿಯ, ಸಿವಿಎ ವುಲ್ಫ್ ಕೋವಿ ತೆಗೆದುಕೊಂಡಿದ್ದೀಯ, ಸರಿ. ಅದಕ್ಕೆ 250 ಡಾಲರಿನೊಳಗೆ 4-16x50 ಸ್ಕೋಪ್, ಅಂದರೆ ನಾಲ್ಕರಿಂದ ಹದಿನಾರು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 50 ಮಿಲಿಮೀಟರ್ ಇರುವ ಗುರಿದುರ್ಬೀನು, ನೋಡಿಟ್ಟಿದ್ದೇನೆ ಎಂದಿದ್ದೀಯಲ್ಲ, ಅದು ಬೇಡ ಮಗು. ಆ ದುಡ್ಡಿಗೆ ಅಷ್ಟು ದೊಡ್ಡ ಸ್ಕೋಪ್ ಸಿಗುತ್ತಿದೆ ಎಂದರೆ ಗಾಜಿನಲ್ಲೋ ಒಳಗಿನ ಸ್ಪ್ರಿಂಗಿನಲ್ಲೋ ಕೈ ಬಿಗಿ ಮಾಡಿದ್ದಾರೆ ಎಂದೇ ಅರ್ಥ. ಅದಕ್ಕಿಂತ ಮುಖ್ಯವಾಗಿ, ನಿನ್ನ ಕೋವಿಗೆ ಹದಿನಾರು ಪಟ್ಟು ಹತ್ತಿರ ಮಾಡಿ ನೋಡುವಂಥ ದೂರವೇ ಇಲ್ಲ.

ನಮ್ಮ ಮಲೆನಾಡಿನ ಕೇಪಿನ ಕೋವಿಯ ಹಾಗೆ ಇದೂ ಬಾಯಿಂದ ಮದ್ದು ಹಾಕಿ, ಗಜವೆಂಬ ಸಲಾಕೆಯಿಂದ ಗುಂಡು ಇಳಿಸುವ ಕೋವಿಯೇ. ಕೇಪಿನ ಬದಲು ಕಿಡಿ ಕೊಡಲು 209 ಎಂಬ ಪ್ರೈಮರ್ ಬಂದಿದೆ, ನಳಿಗೆಯೊಳಗೆ ಸುರುಳಿ ಗೆರೆ ಬಂದಿದೆ, ಅಷ್ಟೆ. ತೂಗದೆ ಅಳತೆಯ ಪಾತ್ರೆಯಲ್ಲಿ ಅಳೆದ 100 ಗ್ರೇನ್ (ಮದ್ದು-ಗುಂಡಿನ ಸಣ್ಣ ಅಳತೆ) ಮದ್ದು, ಅದರ ಮೇಲೆ ಸ್ಯಾಬೋ ಎಂಬ ಪ್ಲಾಸ್ಟಿಕ್ ಕವಚ ತೊಟ್ಟ 250 ಗ್ರೇನ್ ಗುಂಡು ಹಾಕಿದರೆ ವೇಗ ಸೆಕೆಂಡಿಗೆ ಸುಮಾರು 1,700 ಅಡಿ. 100 ಗಜಕ್ಕೆ ಸರಿಯಾಗಿ ಗುರಿ ಹೊಂದಿಸಿದ ಕೋವಿಯಲ್ಲಿ ಆ ಗುಂಡು 150 ಗಜಕ್ಕೆ ಐದಾರು ಇಂಚು ಕೆಳಗೆ ಬೀಳುತ್ತದೆ. 200 ಗಜಕ್ಕೆ ಹೋಗುವಷ್ಟರಲ್ಲಿ ಒಂದು ಅಡಿಗೂ ಮೀರಿ ಇಳಿದಿರುತ್ತದೆ. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚು. ಆದ್ದರಿಂದ ಈ ಕೋವಿಗೆ 150 ಗಜವೇ ಎಲ್ಲೆ ಎಂದಿಟ್ಟುಕೋ. ಮೊದಲ ವರ್ಷ 100 ಗಜಕ್ಕೇ ನಿಲ್ಲು. ಓಹಿಯೋದ ಓಕ್ ಕಾಡಿನಲ್ಲಿ, ಜೋಳದ ಹೊಲದ ಅಂಚಿನಲ್ಲಿ ಅದಕ್ಕಿಂತ ದೂರ ಹೊಡೆಯುವ ಅಗತ್ಯ ಹೆಚ್ಚು ಬರುವುದೂ ಇಲ್ಲ.

ಇಷ್ಟು ದೂರಕ್ಕೆ ನಾಲ್ಕು ಪಟ್ಟು ಧಾರಾಳವಾಗಿ ಸಾಕು. 2-7x32 ಅಥವಾ 3-9x40, ಈ ಎರಡರಲ್ಲಿ ಒಂದನ್ನು ತೆಗೆದುಕೋ. ನನ್ನ ಒಲವು 2-7ರ ಕಡೆಗೆ. ಎರಡು ಪಟ್ಟಿನಲ್ಲಿ 100 ಗಜದ ಹತ್ತಿರ ಸುಮಾರು 42 ಅಡಿ ಅಗಲ ಕಾಣುತ್ತದೆ. ಮೂರು ಪಟ್ಟಿನಲ್ಲಿ 34 ಅಡಿ. ಹತ್ತಿರಕ್ಕೆ ಬಂದಷ್ಟೂ ಅದೇ ಲೆಕ್ಕದಲ್ಲಿ ಕಿರಿದಾಗುತ್ತದೆ. ಪೊದೆಯೊಳಗಿಂದ 25 ಗಜದಲ್ಲಿ ಜಿಂಕೆ ಎದ್ದಾಗ ಒಂಬತ್ತು ಪಟ್ಟಿನಲ್ಲಿಟ್ಟ ಸ್ಕೋಪಿನೊಳಗೆ ಬರೀ ಕಂದು ಕೂದಲು ಕಾಣುತ್ತದೆ, ಹೆಗಲು ಯಾವುದು ತೊಡೆ ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಯಾವ ಸ್ಕೋಪ್ ಕೊಂಡರೂ ಕಾಡಿನಲ್ಲಿ ನಡೆಯುವಾಗ ಅತಿ ಕಡಿಮೆ ಪಟ್ಟಿನಲ್ಲೇ ಇಡು. ಜಿಂಕೆ ದೂರದಲ್ಲಿ ನಿಂತಿದ್ದರೆ ಪಟ್ಟು ಏರಿಸಲು ಹೊತ್ತಿರುತ್ತದೆ, ಹತ್ತಿರದಲ್ಲಿದ್ದರೆ ಇಳಿಸಲು ಇರುವುದಿಲ್ಲ.

ಇನ್ನು ಬೆಳಕಿನ ವಿಷಯ. ಇದೇ ಮುಖ್ಯ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ ಅಲ್ಲಿ ಬೇಟೆಗೆ ಕಾನೂನಿನ ಒಪ್ಪಿಗೆ ಇದೆ. ಜಿಂಕೆ ಓಡಾಡುವುದೂ ಹೆಚ್ಚಾಗಿ ಆ ಎರಡು ಮಬ್ಬಿನಲ್ಲೇ. ಮುಂದಿನ ಗಾಜಿನ ಮಿಲಿಮೀಟರ್ ಅಳತೆಯನ್ನು ಪಟ್ಟಿನಿಂದ ಭಾಗಿಸು. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 32ನ್ನು 4ರಿಂದ ಭಾಗಿಸಿದರೆ 8. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಅರಳುವುದೇ ಸುಮಾರು 7 ಮಿಲಿಮೀಟರ್, ಆದ್ದರಿಂದ ಅದಕ್ಕಿಂತ ಹೆಚ್ಚು ಕೊಟ್ಟರೂ ಕಣ್ಣು ತೆಗೆದುಕೊಳ್ಳುವುದಿಲ್ಲ. ನೀನು ನೋಡಿಟ್ಟ 50 ಮಿಲಿಮೀಟರಿನದು 16 ಪಟ್ಟಿನಲ್ಲಿ ಬರೀ 3 ಚಿಲ್ಲರೆ ಕೊಡುತ್ತದೆ. ಪಟ್ಟು ಇಳಿಸಿದರೆ ಅದರಲ್ಲೂ ಬೆಳಕು ಬರುತ್ತದೆ, ಆದರೆ ಇಳಿಸಿಯೇ ನೋಡುವುದಾದರೆ ಆ ಭಾರ ಯಾಕೆ ಹೊರಬೇಕು? 50 ಮಿಲಿಮೀಟರಿನ ಗಾಜಿಗೆ, ಸ್ಕೋಪನ್ನು ಕೋವಿಯ ಮೇಲೆ ಹಿಡಿದಿಡುವ ರಿಂಗ್ ಎತ್ತರದ್ದೇ ಬೇಕು. ಎತ್ತರದ ರಿಂಗ್ ಹಾಕಿದರೆ ಕೆನ್ನೆ ಹಿಡಿಯ ಮೇಲೆ ಕೂರದೆ ಗದ್ದ ಮಾತ್ರ ತಾಗುತ್ತದೆ, ಪ್ರತಿ ಸಲ ತಲೆ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ.

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ 60 ಡಾಲರಿನದೂ 600 ಡಾಲರಿನದೂ ಒಂದೇ ಥರ ಹೊಳೆಯುತ್ತವೆ. ಸಂಜೆ ಹೋಗು. ಅಂಗಡಿಯವರನ್ನು ಕೇಳಿಕೊಂಡು ಸ್ಕೋಪನ್ನು ಬಾಗಿಲಾಚೆ ತಂದು ಮರದ ಬುಡದ ನೆರಳು ನೋಡು. ತೊಗಟೆಯ ಬಿರುಕು ಕಾಣುತ್ತದೆಯೇ, ಅದರ ಮೇಲೆ ಕ್ರಾಸ್‌ಹೇರ್ ಎಂಬ ಅಡ್ಡ-ಉದ್ದ ಗುರಿಗೆರೆ ಎದ್ದು ಕಾಣುತ್ತದೆಯೇ, ಇವೆರಡನ್ನು ನೋಡು. ಕೂದಲೆಳೆಯಂಥ ಗೆರೆ ಮಬ್ಬಿನಲ್ಲಿ ಕರಗಿಹೋಗುತ್ತದೆ. ಹೊರಗೆ ದಪ್ಪ, ನಡುವೆ ಸಣ್ಣ ಇರುವ ಡ್ಯುಪ್ಲೆಕ್ಸ್ ಗೆರೆಯೇ ಈ ಕೆಲಸಕ್ಕೆ ಒಳ್ಳೆಯದು. ಕೆಂಪು ದೀಪ ಹತ್ತುವಂಥದ್ದು ಬೇಕಾಗಿಲ್ಲ. ಈ ಬೆಲೆಯಲ್ಲಿ ದೀಪಕ್ಕೆ ಕೊಟ್ಟ ದುಡ್ಡು ಗಾಜಿನಿಂದ ಕಳೆದದ್ದು.

ಐ ರಿಲೀಫ್ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಹಿಂದಿನ ಗಾಜಿಗೂ ಕಣ್ಣಿಗೂ ಇರಬೇಕಾದ ಅಂತರ ಅದು. ಮೂರೂವರೆ ಇಂಚಿಗಿಂತ ಕಡಿಮೆ ಇದ್ದರೆ ವಾಪಸ್ ಇಡು. ನಾಲ್ಕರ ಹತ್ತಿರ ಇದ್ದರೆ ನಿಶ್ಚಿಂತೆ. ವುಲ್ಫ್ ಹಗುರದ ಕೋವಿ. ಮದ್ದಿನ ಮೂರು ಪೆಲೆಟ್ (ಗುಳಿಗೆ) ಹಾಕಿ 150 ಗ್ರೇನ್ ಹೊಡೆದರೆ ಅದು ಒದೆಯುವ ರಭಸಕ್ಕೆ ಸ್ಕೋಪಿನ ಅಂಚು ಹುಬ್ಬು ಸೀಳುತ್ತದೆ, ಹೊಲಿಗೆ ಹಾಕಿಸಿಕೊಳ್ಳಬೇಕಾಗುತ್ತದೆ. ಅಂದಹಾಗೆ 150 ಗ್ರೇನ್ ನಿನಗೆ ಬೇಕಿಲ್ಲ. 100 ಗ್ರೇನಿನಲ್ಲಿ ಜಿಂಕೆ ಬೀಳುತ್ತದೆ, ಹೆಗಲೂ ಉಳಿಯುತ್ತದೆ, ಸ್ಕೋಪೂ ಬಾಳುತ್ತದೆ.

ಒದೆತದ ಮಾತು ಬಂದಿದ್ದರಿಂದ ಇನ್ನೊಂದು. .22 ರಿಮ್‌ಫೈರ್ ಎಂಬ ಕಡಿಮೆ ಒದೆತದ ಸಣ್ಣ ಕೋವಿಗೆಂದು ಮಾಡಿದ ಅಗ್ಗದ ಸ್ಕೋಪ್ ಹಾಕಬೇಡ. ಅದರ ಒಳಗಿನ ಜೋಡಣೆ ಈ ಹೊಡೆತಕ್ಕೆ ತಯಾರಾದದ್ದಲ್ಲ; ಕೆಲವೇ ಗುಂಡಿಗೆ ಕ್ರಾಸ್‌ಹೇರ್ ಸರಿಯುತ್ತದೆ. ಪ್ಯಾರಲಾಕ್ಸ್ (ಕಣ್ಣು ಅಲುಗಿದಾಗ ಗೆರೆ ಗುರಿಯಿಂದ ಸರಿದಂತೆ ಕಾಣುವ ದೋಷ) 100 ಗಜಕ್ಕೆ ಹೊಂದಿಸಿದ ಸೆಂಟರ್‌ಫೈರ್, ಅಂದರೆ ದೊಡ್ಡ ರೈಫಲ್ಲಿನ ಸ್ಕೋಪ್, ಇಲ್ಲವೇ 75 ಅಥವಾ 100 ಗಜಕ್ಕೆ ಹೊಂದಿಸಿದ ಶಾಟ್‌ಗನ್-ಮಜಲ್‌ಲೋಡರ್ ಸ್ಕೋಪ್ ತೆಗೆದುಕೋ. 'ಮಜಲ್‌ಲೋಡರ್' ಎಂಬ ಹೆಸರಿಗೆ ಮಾತ್ರ ಹೆಚ್ಚು ದುಡ್ಡು ಕೊಡಬೇಡ.

ಗೆರೆಯ ಕೆಳಗೆ ಸಾಲಾಗಿ ವೃತ್ತ, ಗೀಟು ಇರುವ, ದೂರಕ್ಕೆ ತಕ್ಕಂತೆ ಗುಂಡು ಇಳಿಯುವುದನ್ನು ತೋರಿಸುವ ಬಿ.ಡಿ.ಸಿ. ಗುರಿಗೆರೆಗಳ ಆಸೆ ಈಗ ಬೇಡ. ಅಗ್ಗದ ಸ್ಕೋಪುಗಳಲ್ಲಿ ಗೆರೆ ಎರಡನೇ ಫೋಕಲ್ ಪ್ಲೇನಿನಲ್ಲಿ ಇರುತ್ತದೆ, ಅಂದರೆ ಪಟ್ಟು ಬದಲಿಸಿದರೂ ಗೆರೆಯ ಗಾತ್ರ ಬದಲಾಗದು. ಹಾಗಾಗಿ ಆ ವೃತ್ತಗಳು ಹೇಳುವ ದೂರ ಒಂದೇ ಒಂದು ಪಟ್ಟಿನಲ್ಲಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ, ನಿಜವಾಗುತ್ತದೆ. ನೀನು ಮೂರು ಪಟ್ಟಿನಲ್ಲಿಟ್ಟು ಎರಡನೇ ವೃತ್ತ ಹಿಡಿದರೆ ಗುಂಡು ಜಿಂಕೆಯ ಬೆನ್ನ ಮೇಲಿಂದ ಹೋಗುತ್ತದೆ.

ಯಾವ ಕಂಪನಿಯದು ಕೊಳ್ಳಲಿ ಎಂದು ಕೇಳಿದ್ದೀಯ. ವೋರ್ಟೆಕ್ಸ್ ಕ್ರಾಸ್‌ಫೈರ್ 2 ಸಾಲಿನ 2-7x32 ಅಥವಾ 3-9x40 ಸಾಮಾನ್ಯವಾಗಿ 200 ಡಾಲರಿನೊಳಗೆ ಸಿಗುತ್ತವೆ. ಐ ರಿಲೀಫ್ ನಾಲ್ಕು ಇಂಚಿನ ಹತ್ತಿರ; ಕೆಟ್ಟರೆ ರಸೀದಿ ಕೇಳದೆ ರಿಪೇರಿ ಮಾಡಿಕೊಡುವ ಗ್ಯಾರಂಟಿ, ಅದೂ ಕೈ ಬದಲಾದರೂ ಮುಂದುವರಿಯುತ್ತದೆ. ನಿನ್ನ ಕೈಗೆ ಇದೇ ಸರಿ ಎಂದು ನನಗೆ ಅನಿಸುತ್ತದೆ. 100 ಡಾಲರಿನ ಆಸುಪಾಸಿಗೇ ಮುಗಿಸಬೇಕೆಂದರೆ ಬುಶ್‌ನೆಲ್ ಬ್ಯಾನರ್ 3-9x40 ನಡೆಯುತ್ತದೆ, ಆದರೆ ಸಂಜೆಯ ಕೊನೆಯ ಕೆಲವು ನಿಮಿಷ ಕಳೆದುಕೊಳ್ಳುತ್ತೀಯ. ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಮ್ ಇನ್ನೂ ಚೆನ್ನ, ಹೊಸದು ನಿನ್ನ ಮಿತಿ ದಾಟುತ್ತದೆ. ಅದೇ ಕಂಪನಿಯ ಹಳೆಯ ಸ್ಕೋಪ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಿಂಜರಿಯಬೇಡ. ನಿಕಾನ್ ಕೋವಿಯ ಸ್ಕೋಪ್ ಮಾಡುವುದನ್ನೇ ನಿಲ್ಲಿಸಿದೆ. ಹಳೆಯದರ ಗಾಜು ಒಳ್ಳೆಯದೇ, ಆದರೂ ಮೊದಲ ಸ್ಕೋಪಿಗೆ ಆ ತಾಪತ್ರಯ ಬೇಡ. ಹಳೆಯದನ್ನು ಕೊಳ್ಳುವಾಗ ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸು. ಒಳಗೆ ಗಲಗಲ ಅಂದರೆ ಬಿಡು. ಕೊಳವೆಯ ಮೇಲೆ ರಿಂಗ್ ಒತ್ತಿ ತಗ್ಗಾಗಿದ್ದರೂ ಬಿಡು.

250 ಡಾಲರಿನಲ್ಲಿ ಸ್ಕೋಪಿಗೆ 170-180, ಅದನ್ನು ಕೂರಿಸುವ ಬೇಸ್ (ನಳಿಗೆಯ ಮೇಲಿನ ಪಟ್ಟಿ) ಮತ್ತು ರಿಂಗಿಗೆ 40-50, ಉಳಿದದ್ದು ಮದ್ದು-ಗುಂಡಿಗೆ. ಬೇಸ್-ರಿಂಗಿನಲ್ಲಿ ಉಳಿಸಲು ಹೋಗಿ ಸ್ಕೋಪಿಗೆ ಬೈಯುವವರೇ ಹೆಚ್ಚು. ವುಲ್ಫಿನ ನಳಿಗೆಯಲ್ಲಿ ಬೇಸಿನ ಸ್ಕ್ರೂ ಕೂರುವ ತೂತು ಮಾಡಿಯೇ ಬಂದಿರುತ್ತದೆ. ಅದೇ ಕೋವಿಗೆಂದು ಮಾಡಿದ ಒಂದೇ ತುಂಡಿನ ಬೇಸ್ ಕೊಂಡುಕೋ. 32ರ ಗಾಜಿಗೆ ಗಿಡ್ಡ ರಿಂಗ್, 40ರದಕ್ಕೆ ಮಧ್ಯಮ ರಿಂಗ್. ಕೆಳಗೆ ಕಿಂಡಿ ಬಿಟ್ಟು ನಳಿಗೆಯ ಮೇಲಿನ ಹಳೆಯ ಗುರಿಕಡ್ಡಿಯನ್ನೂ ನೋಡಬಹುದಾದ ಎತ್ತರದ ರಿಂಗ್ ಎಷ್ಟು ಅಗ್ಗವಾದರೂ ಬೇಡ.

ಜೋಡಿಸುವ ಮೊದಲು ಕೋವಿ ಖಾಲಿ ಇದೆಯೇ ಎಂದು ಗಜದ ಸಲಾಕೆ ಇಳಿಸಿ ನೋಡು. ಖಾಲಿ ನಳಿಗೆಯ ಗುರುತು, ತುಂಬಿದಾಗಿನ ಗುರುತು ಎರಡನ್ನೂ ಸಲಾಕೆಯ ಮೇಲೆ ಹಾಕಿಟ್ಟಿರು. ಬೇಸಿನ ಸ್ಕ್ರೂ ಮತ್ತು ತೂತಿನ ಎಣ್ಣೆಯನ್ನು ಆಲ್ಕೋಹಾಲಿನಿಂದ ಒರೆಸಿ, ನೀಲಿ ಲಾಕ್‌ಟೈಟ್ ಅಂಟು ಒಂದೊಂದು ಹನಿ ಹಾಕಿ ಬಿಗಿ. ಕೆಂಪು ಬೇಡ, ಆಮೇಲೆ ಬಿಸಿ ಮಾಡದೆ ಬಿಚ್ಚಲಾಗುವುದಿಲ್ಲ. ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ ಲಾಕ್‌ಟೈಟ್ ಹಾಕಬೇಡ. ಅದು ಜಾರಿಕೆ ಕೊಟ್ಟು ನೀನು ಅಂದುಕೊಂಡದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ, ಕೊಳವೆ ನಜ್ಜಾಗುತ್ತದೆ. ಅಲ್ಲಿ 15ರಿಂದ 18 ಇಂಚ್-ಪೌಂಡ್ ಬಿಗಿತ ಸಾಕು. ಆ ಬಿಗಿತ ಅಳೆಯುವ ಒಂದು ಟಾರ್ಕ್ ಸ್ಕ್ರೂಡ್ರೈವರ್ ಯಾರಿಂದಾದರೂ ಎರವಲು ತಾ. ಒಂದು ಬದಿಯನ್ನೇ ಪೂರ್ತಿ ಬಿಗಿಯದೆ ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಾ, ಎರಡೂ ಕಡೆಯ ಸಂದು ಒಂದೇ ಸಮ ಇರಲಿ.

ಪೂರ್ತಿ ಬಿಗಿಯುವ ಮೊದಲು ಚಳಿಗಾಲದ ದಪ್ಪ ಜಾಕೆಟ್ ತೊಟ್ಟುಕೋ. ಪಟ್ಟನ್ನು ಅತಿ ಹೆಚ್ಚಿಗೆ ತಿರುಗಿಸು. ಐ ರಿಲೀಫ್ ಅಲ್ಲೇ ಹೆಚ್ಚು ಬಿಗಿ. ಕಣ್ಣು ಮುಚ್ಚಿ ಕೋವಿ ಹೆಗಲಿಗೇರಿಸಿ, ಕೆನ್ನೆ ಇಟ್ಟು, ಕಣ್ಣು ತೆರೆ. ಸುತ್ತ ಕಪ್ಪು ಅಂಚಿಲ್ಲದೆ ಪೂರ್ತಿ ವೃತ್ತ ಕಂಡರೆ ಜಾಗ ಸರಿ. ಟೀ ಶರ್ಟಿನಲ್ಲಿ ಹೊಂದಿಸಿದರೆ ಜನವರಿಯಲ್ಲಿ ಜಾಕೆಟ್ಟಿನ ದಪ್ಪಕ್ಕೆ ಕಣ್ಣು ಹಿಂದೆ ಹೋಗಿ ಕಪ್ಪು ನೆರಳು ಬರುತ್ತದೆ. ಗೆರೆ ನೆಟ್ಟಗಿದೆಯೇ ನೋಡಲು ದಾರಕ್ಕೆ ಒಂದು ನಟ್ ಕಟ್ಟಿ, ಗಾರೆಯವರ ತೂಗುಗುಂಡಿನ ಹಾಗೆ ದೂರದಲ್ಲಿ ಇಳಿಬಿಡು, ಕೋವಿಯನ್ನು ಮಟ್ಟವಾಗಿಟ್ಟು ಲಂಬ ಗೆರೆಯನ್ನು ಅದಕ್ಕೆ ಕೂಡಿಸು.

ನಮ್ಮೂರ ಕಡೆ ಕುದುರೆ ಎನ್ನುತ್ತೇವಲ್ಲ, ಆ ಹ್ಯಾಮರ್ ನಿನ್ನ ಕೋವಿಯಲ್ಲಿ ಹೊರಗೇ ಇದೆ. ಸ್ಕೋಪಿನ ಹಿಂಭಾಗ ಅದರ ಮೇಲೆಯೇ ಚಾಚಿಕೊಳ್ಳುತ್ತದೆ. ಗ್ಲೌಸ್ ಹಾಕಿದ ಹೆಬ್ಬೆರಳು ಆ ಸಂದಿನಲ್ಲಿ ಸಿಕ್ಕಿ, ಅರ್ಧ ಎಳೆದ ಹ್ಯಾಮರ್ ಜಾರಿದರೆ ಗುಂಡು ಹಾರಿಬಿಡಬಹುದು. ಪಕ್ಕಕ್ಕೆ ಚಾಚುವ ಹ್ಯಾಮರ್ ಎಕ್ಸ್‌ಟೆನ್ಷನ್ ಹಾಕದೆ ಕಾಡಿಗೆ ಹೋಗಲೇಬೇಡ. ಅದರ ಪುಟ್ಟ ಸ್ಕ್ರೂ ಸಡಿಲಾಗುವ ಸ್ವಭಾವದ್ದು, ಪ್ರತಿ ಸಲ ಮುಟ್ಟಿ ನೋಡು.

ಗುರಿ ಹೊಂದಿಸಲು ಮೊದಲು ಮದ್ದು ಸುಡಬೇಕಿಲ್ಲ. ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ಪ್ಲಗ್ ತೆಗೆದು, ಕೋವಿಯನ್ನು ಮರಳಿನ ಚೀಲದ ಮೇಲೆ ಅಲುಗದಂತಿಟ್ಟು, ನಳಿಗೆಯೊಳಗಿಂದ 25 ಗಜದ ಗುರಿಯನ್ನು ನೋಡು. ಕೋವಿ ಅಲುಗಿಸದೆ ಕ್ರಾಸ್‌ಹೇರನ್ನು ಅಲ್ಲಿಗೇ ತಾ. ಮೊದಲ ಗುಂಡು ಹಾಳೆಯ ಮೇಲೆ ಬೀಳುತ್ತದೆ. ಸ್ಕೋಪಿನ ತಿರುಪಿನ ಕ್ಲಿಕ್ ಒಂದಕ್ಕೆ ಕಾಲು ಎಂಓಎ (ಕೋನದ ಸಣ್ಣ ಅಳತೆ), ಅಂದರೆ 100 ಗಜದಲ್ಲಿ ಇಂಚಿಗೆ 4 ಕ್ಲಿಕ್, 50ರಲ್ಲಿ 8, 25ರಲ್ಲಿ 16. 25 ಗಜದಲ್ಲಿ ಗುಂಡು ನಡುವಿಗಿಂತ ಅರ್ಧ ಇಂಚು ಮೇಲೆ ಬಿದ್ದರೆ ಸಾಕು, 100ಕ್ಕೆ ಹೋಗು. ಅಲ್ಲಿ ಎರಡು ಇಂಚು ಮೇಲೆ ಹೊಂದಿಸು. ಆಗ 50ರಲ್ಲೂ ಸುಮಾರು ಅಷ್ಟೇ ಮೇಲೆ, 150ರಲ್ಲಿ ಮೂರು ಇಂಚಿನಷ್ಟು ಕೆಳಗೆ. ಎದೆಯ ನಡುವಿಗೆ ಹಿಡಿದರೆ ಎಲ್ಲ ದೂರಕ್ಕೂ ಆಯಿತು.

ಪ್ರತಿ ಗುಂಡಿನ ನಡುವೆ ಒದ್ದೆ ಬಟ್ಟೆ ಒಂದು, ಒಣ ಬಟ್ಟೆ ಒಂದು ಓಡಿಸು. ಮಸಿ ಕಟ್ಟಿದ ನಳಿಗೆಯಲ್ಲಿ ಗುಂಡು ಬೇರೆಯೇ ಜಾಗಕ್ಕೆ ಹೋಗುತ್ತದೆ. ಮೂರು ಗುಂಡಿನ ಗುಂಪು ನೋಡದೆ ಕ್ಲಿಕ್ ಮುಟ್ಟಬೇಡ. ಗುಂಪು ಚೆದುರಿದರೆ ಸ್ಕೋಪಿನ ತಪ್ಪೆಂದು ಹೊರಡುವ ಮೊದಲು ಬೇಸಿನ ಸ್ಕ್ರೂ, ಸಲಾಕೆಯ ಗುರುತು, ಮದ್ದಿನ ಅಳತೆ, ಸ್ಯಾಬೋ ಹರಿದಿದೆಯೇ, ಇಷ್ಟು ನೋಡು. ಗುಂಪು ಬಿಗಿಯಾಗಿದ್ದು ಇಡೀ ಗುಂಪೇ ಒಂದು ಕಡೆಗೆ ಸರಿಯುತ್ತಾ ಹೋದರೆ ರಿಂಗಿನಲ್ಲಿ ಕೊಳವೆ ಜಾರುತ್ತಿದೆ. ಕ್ಲಿಕ್ ತಿರುಗಿಸಿದರೆ ಏನೂ ಆಗದೆ, ಮುಂದಿನ ಗುಂಡಿಗೆ ಥಟ್ಟನೆ ಹಾರಿದರೆ ಆಗ ಸ್ಕೋಪೇ ಕಾರಣ. ಕೊನೆಗೆ 20 ಕ್ಲಿಕ್ ಮೇಲೆ ತಿರುಗಿಸಿ ಒಂದು ಗುಂಡು, 20 ಕೆಳಗೆ ತಂದು ಇನ್ನೊಂದು. 100 ಗಜದಲ್ಲಿ ಮೊದಲನೆಯದು ಐದು ಇಂಚು ಏರಬೇಕು, ಎರಡನೆಯದು ಹಳೆಯ ಗುಂಪಿಗೇ ಮರಳಬೇಕು. ಮರಳದಿದ್ದರೆ ಅಂಗಡಿಗೆ ಕೊಟ್ಟುಬಿಡು.

ಹೊರಗಿನ ಚಳಿಯಿಂದ ಬಿಸಿ ಕೋಣೆಗೆ ತಂದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ಬೇಟೆಯ ದಿನಗಳಲ್ಲಿ, ಖಾಲಿ ಮಾಡಿದ ಕೋವಿಯನ್ನು ಗ್ಯಾರೇಜಿನ ತಂಪಿನಲ್ಲೇ ಬೀಗ ಹಾಕಿ ಇಡು. ಪೈರೋಡೆಕ್ಸಿನಂಥ ಮದ್ದಿನ ಮಸಿಯಲ್ಲಿ ಉಪ್ಪಿರುತ್ತದೆ, ತೇವ ಎಳೆದು ಕಬ್ಬಿಣ ತಿನ್ನುತ್ತದೆ. ಬೇಸು, ರಿಂಗು, ಸ್ಕೋಪಿನ ಹೊಟ್ಟೆಯ ಕೆಳಭಾಗವನ್ನು ಅವತ್ತೇ ಒರೆಸು. ಸ್ಕೋಪ್ ಕೂತಿರುವುದು ನಳಿಗೆಯ ಮೇಲೆ. ಆದ್ದರಿಂದ ತೊಳೆಯಲು ನಳಿಗೆ ಬಿಚ್ಚಿದರೂ ಗುರಿ ಕೆಡುವುದಿಲ್ಲ, ಅದಕ್ಕೆಂದು ರಿಂಗ್ ಬಿಚ್ಚಬೇಡ.

ಪೆನ್ಸಿಲ್ವೇನಿಯಾದ ಗೆಳೆಯ ಕರೆದಿದ್ದಾನೆ ಎಂದಿದ್ದೀಯ. ಅಲ್ಲಿ ಕ್ರಿಸ್‌ಮಸ್ ಕಳೆದ ಮೇಲಿನ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯ ಕೋವಿ) ಸೀಸನ್‌ಗೆ ಈ ಕೋವಿಯೂ ನಡೆಯದು, ಸ್ಕೋಪೂ ನಡೆಯದು. ಕೊಲರಾಡೋದ ಮಜಲ್‌ಲೋಡರ್ ಸೀಸನ್‌ನಲ್ಲೂ ಸ್ಕೋಪಿಗೆ ಒಪ್ಪಿಗೆಯಿಲ್ಲ. ಹೋಗುವ ರಾಜ್ಯದ ಆ ವರ್ಷದ ನಿಯಮದ ಪುಸ್ತಕ ಓದಿಯೇ ಹೊರಡು. ಊರಿನಲ್ಲಿ ತೋಟ ಕಾಯಲು ಲೈಸೆನ್ಸಿನ ಮೇಲೆ ಇಟ್ಟಿರುವ ಕೋವಿಗೆ ಒಂದು ಕಳಿಸಲೇ ಎಂದು ಕೇಳಿದ್ದೀಯಲ್ಲ, ಬೇಡ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಬೇಟೆ ಅಪರಾಧ, ಸ್ಕೋಪ್ ಕಟ್ಟಿದ ಕೋವಿ ಮನೆಯವರಿಗೆ ತೊಂದರೆ ತರುತ್ತದೆ.

ನವೆಂಬರ್ ಮುಗಿಯುವುದರೊಳಗೆ ಸ್ಕೋಪ್ ಕೂರಿಸಿ ಇಪ್ಪತ್ತು ಗುಂಡಾದರೂ ಹೊಡೆದಿರು, ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ತಪ್ಪೇನಿದ್ದರೂ ತಿಳಿಯುತ್ತದೆ. ಹೊಡೆದ ಹಾಳೆಗಳ ಮೇಲೆ ಮದ್ದಿನ ಅಳತೆ, ಗುಂಡು, ದೂರ ಬರೆದು ಫೋಟೋ ಕಳಿಸು, ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ