ಬೀಗದ ಕೈ ಕೊಡುತ್ತೇನೆ, ಬಂದು ಕೂತು ನೋಡು

ಮಗಳೇ,

ಲೈಬ್ರರಿ ಓದಿನ ಎಂ.ಲಿಬ್ ಮುಗಿಸಿ ಊರಿಗೇ ಬಂದು ನೀನು ನಡೆಸುವ ಪಂಚಾಯಿತಿ ಲೈಬ್ರರಿ ನೋಡಿಕೊಂಡರೆ ಹೇಗಮ್ಮ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ನಾನು ಸುಮ್ಮನಾದೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು, ಅದೂ ಒಂದು ಕಾರಣ.

ಮೊದಲು ಒಂದು ವಿಷಯ. ಇಷ್ಟು ವರ್ಷ ಮಾಡಿದರೂ ಕಾಗದದ ಮೇಲೆ ನಾನು ಗ್ರಂಥಪಾಲಕಿ ಅಲ್ಲ, ಮೇಲ್ವಿಚಾರಕಿ. ಬಹಳ ವರ್ಷ ನನಗೆ ಬಂದದ್ದು ಸಂಬಳವಲ್ಲ, ಗೌರವಧನ. ಆ ಪದದಲ್ಲಿ ಯಾವುದು ಮುಂದಿದೆ ನೋಡು! ನಮ್ಮ ಮನೆ ನಡೆದದ್ದು ಎರಡು ಹಸು ಇದ್ದದ್ದರಿಂದ. ಅದಕ್ಕೇ ಹೇಳುತ್ತೇನೆ, ಮೊದಲು ಕೆಸೆಟ್, ಅಂದರೆ ರಾಜ್ಯದ ಅರ್ಹತಾ ಪರೀಕ್ಷೆ, ಬರೆದುಬಿಡು. ಪದವಿ ಕಾಲೇಜಿನಲ್ಲಿ ಲೈಬ್ರರಿಯನ್ ಆಗಬೇಕು ಅಂದರೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ ಇಲ್ಲಾ ಕೆಸೆಟ್ ಕೇಳುತ್ತಾರೆ. ತಾಲ್ಲೂಕಿನ ಕಾಲೇಜಿಗೆ ಬರುವವರೂ ನಮ್ಮ ಹಳ್ಳಿ ಮಕ್ಕಳೇ ಅಲ್ವಾ?

ಇನ್ನು ಕೆಲಸ. ಹೋದ ಸಲ ಬಂದಾಗ ನೀನು ಡ್ಯೂಯಿ ನಂಬರ್, ಅಂದರೆ ವಿಷಯಕ್ಕೊಂದು ನಂಬರ್, ಹಾಕಿ ಪುಸ್ತಕ ಜೋಡಿಸಲು ಕೂತೆ. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಬೀರು 894.814 ಆಗಿತ್ತು. ಕನ್ನಡ ಸಾಹಿತ್ಯ ಯಾವುದಾದರೂ ನಂಬರು ಶುರುವಾಗುವುದು ಅದರಿಂದಲೇ! ನಾನು ನಗಲಿಲ್ಲ, ನೀನೇ ನಕ್ಕೆ. ನನ್ನ ಲೆಕ್ಕ ಬೇರೆ. ಯಾರು ಕೇಳುತ್ತಾರೋ ಅವರ ಕೈಗೆ ಎಟುಕುವ ಕಡೆ ಪುಸ್ತಕ ಇರಬೇಕು. ಮಕ್ಕಳದ್ದು ಕೆಳಗಿನ ಸಾಲಿಗೆ. ಪಿಡಿಒ, ಎಫ್‌ಡಿಎ ಥರದ ಸರ್ಕಾರಿ ಕೆಲಸದ ಪರೀಕ್ಷೆಯ ಪುಸ್ತಕ ನನ್ನ ಮೇಜಿನ ಮೇಲೆ. ಉದ್ಯೋಗದ ಜಾಹೀರಾತು ಬಂದ ದಿನ ಆ ಪೇಪರಿನ ಹಾಳೆ ನನ್ನ ಡ್ರಾಯರಿನಲ್ಲಿ. ಇಲ್ಲದಿದ್ದರೆ ಮೊದಲು ಬಂದವನು ಬ್ಲೇಡಿನಲ್ಲಿ ಕತ್ತರಿಸಿಕೊಂಡು ಹೋಗಿರುತ್ತಾನೆ. ಇದನ್ನು ಯಾವ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ?

ನನಗೆ ತಿಳಿಯಲು ಬಹಳ ವರ್ಷ ಹಿಡಿದದ್ದು ಇನ್ನೊಂದು. ಒಳಗೆ ಕೂತವರನ್ನು ನೋಡಿಕೊಳ್ಳುವುದು ಸುಲಭ. ಬೆಳಿಗ್ಗೆಯಿಂದ ಪೇಪರ್ ಹಿಡಿದು ಗಂಡಸರು ಕೂತಿರುತ್ತಾರೆ, ಅಲ್ಲಿಗೆ ಹೆಂಗಸರು ಬರುವುದುಂಟಾ? ಬಾಗಿಲ ತನಕ ಬಂದು ಮಗನನ್ನು ಕೂಗಿ ಹೋಗುತ್ತಾರೆ, ಅಷ್ಟೇ. ಒಂದು ಸಂಜೆ ಹಾಲು ಹಾಕಲು ಡೈರಿಗೆ ಹೋಗುವಾಗ ಚೀಲದಲ್ಲಿ ಹತ್ತು ಪುಸ್ತಕ ಹಾಕಿಕೊಂಡೆ. ಕ್ಯಾನು ಹಿಡಿದು ಸಾಲು ನಿಂತವರಿಗೆ ತೋರಿಸಿದೆ. 'ನಮಗ್ಯಾಕಕ್ಕ, ದುಡ್ಡೆಷ್ಟು?' ಅಂದಳು ಒಬ್ಬಳು. ದುಡ್ಡು ಆಗಲೇ ಕಟ್ಟಿದ್ದೀಯ ಕಣೇ, ಅಂದೆ. ಮನೆ ಕಂದಾಯದ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಇದೆ, 1965ರ ಕಾಯ್ದೆಯಿಂದ ಬಂದದ್ದು. ಅವಳಿಗೆ ಸಿಟ್ಟೇ ಬಂತು. ಇಷ್ಟು ವರ್ಷದ ಲೆಕ್ಕಕ್ಕೆ ಅಂತ ಎರಡು ಪುಸ್ತಕ ಎತ್ತಿಕೊಂಡಳು! ಓದು ಬಾರದ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಓದಿಸಿಕೊಳ್ಳುತ್ತೇನೆ ಅಂತ ಮಕ್ಕಳ ಕಥೆ ಒಯ್ದರು. ವಾಪಸ್ ಬಂದಾಗ ಪುಸ್ತಕಕ್ಕೆ ಹಾಲಿನ ವಾಸನೆ. ನಾನು ಅದಕ್ಕೆ ದಂಡ ಹಾಕಲಿಲ್ಲ.

2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದರು. ಆಮೇಲೆ ಬೋರ್ಡು 'ಅರಿವು ಕೇಂದ್ರ' ಆಯಿತು. ಊರವರ ಬಾಯಲ್ಲಿ ಇನ್ನೂ ಲೈಬ್ರೆರಿಯೇ. 2020ರಲ್ಲಿ ಕೊರೊನಾದಲ್ಲಿ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಅನ್ನುವ ಕಾರ್ಯಕ್ರಮ ಬಂತು, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಚಪ್ಪಲಿ ಬಿಡಲು ಜಾಗ ಸಾಲದ ದಿನಗಳನ್ನು ನಾನು ಕಂಡದ್ದು ಆಗಲೇ. ಆಗ ಬಂದ ಹುಡುಗಿಯರು ಈಗ ಪಿಯುಸಿ, ಡಿಗ್ರಿ. ಕೆಲವರು ಇನ್ನೂ ಬರುತ್ತಾರೆ, ಕೆಲವರಿಗೆ ಮದುವೆಯಾಯಿತು.

ಬೇಜಾರಿನ ದಿನಗಳೂ ಇವೆ, ಮುಚ್ಚಿಡಲ್ಲ. ಮಳೆಗಾಲದಲ್ಲಿ ಗೆದ್ದಲು. ಬೇವಿನ ಸೊಪ್ಪು, ನುಸಿಗುಳಿಗೆ ಯಾವುದಕ್ಕೂ ಜಗ್ಗುವುದಿಲ್ಲ. ಕರೆಂಟ್ ಹೋದರೆ ಕಂಪ್ಯೂಟರ್ ಸುಮ್ನೆ ಪೆಟ್ಟಿಗೆ.

ನಿಮ್ಮಪ್ಪನಿಗೆ ನೀನು ಬರುವುದು ಇಷ್ಟವಿಲ್ಲ. ನನಗೆ ಇಷ್ಟವೋ ಇಲ್ಲವೋ ಅಂತ ಈ ಪತ್ರ ಬರೆಯುತ್ತಾ ಬರೆಯುತ್ತಾ ಇನ್ನೂ ಗೊಂದಲ ಆಗಿದೆ. ದಸರಾ ರಜೆಗೆ ಬಾ. ನಾಲ್ಕು ದಿನ ಬೀಗದ ಕೈ ನಿನಗೇ ಕೊಡುತ್ತೇನೆ, ನಾನು ಆ ಕಡೆ ತಲೆ ಹಾಕುವುದಿಲ್ಲ. ಸಂಜೆ ಡೈರಿಗೆ ಚೀಲವನ್ನೂ ನೀನೇ ಒಯ್ಯಬೇಕು. ಅಜ್ಜಿ ಹೊಸ ಕಥೆ ಕೇಳಿದ್ದಾರೆ, ಮೈಸೂರಿನಲ್ಲಿ ದಪ್ಪ ಅಕ್ಷರದ್ದು ಸಿಕ್ಕರೆ ತಾ.

ನಿನ್ನ ಅಮ್ಮ